ಅಂಕ ಸಮವಾದಾಗ ಎದ್ದು ಹೋಗುತ್ತಿದ್ದವರು

ಅವರ ಎಡಗೈ ಮೊಣಕೈಯಲ್ಲಿ ಮಡಚಿಕೊಂಡೇ ಇರುತ್ತಿತ್ತು. ಮೂಳೆ ಕೂಡಿದ್ದೇ ಹಾಗೆ, ನೇರ ಮಾಡಲು ಬರುತ್ತಿರಲಿಲ್ಲ. ಅಂಗೈ ಎದೆಯ ಕಡೆ ತಿರುಗಿ, ಮಣಿಕಟ್ಟಿನ ಗಡಿಯಾರ ಸರಿಯಾಗಿ ಕಣ್ಣಿನ ಕೆಳಗೆ ಬಂದು ನಿಲ್ಲುತ್ತಿತ್ತು. ದೂರದಿಂದ ನೋಡಿದವರಿಗೆ ಈ ಮನುಷ್ಯ ಯಾವಾಗಲೂ ಗಂಟೆ ನೋಡುತ್ತಾ ನಿಂತಿದ್ದಾನೆ ಅನಿಸುತ್ತಿತ್ತು. ಅದು ಅವರ ಕೆಲಸವೂ ಆಗಿತ್ತು. ಅವರು ಸಿಟಿ ಬಸ್ಸುಗಳ ಟೈಮ್‌ಕೀಪರ್.

ಮಂಗಳೂರಿನ ಖಾಸಗಿ ಬಸ್ಸುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಆದ ನಿಮಿಷ ಉಂಟು. ಒಂದೇ ದಾರಿಯಲ್ಲಿ ಇನ್ನೊಬ್ಬ ಮಾಲೀಕನ ಬಸ್ಸು ಹಿಂದೆಯೇ ಬರುತ್ತಿರುತ್ತದೆ. ಸ್ಟಾಪಿನಲ್ಲಿ ನಿಂತು, ವಿಸಿಲ್ ಊದಿ, ನೀನು ಹೊರಡು, ನೀನು ನಿಲ್ಲು ಎಂದು ಹೇಳುವವರು ಟೈಮ್‌ಕೀಪರ್. ಇಬ್ಬರಿಗೂ ಒಂದೇ ನಿಮಿಷ ಬಂದುಬಿಟ್ಟರೆ ಜಗಳ ಬಿಡಿಸಬೇಕಾದವರೂ ಅವರೇ. ಇವರದೊಂದು ಕ್ರಮ ಇತ್ತು. ನಿನ್ನೆ ಯಾರು ಕಾದಿದ್ದರೋ ಇವತ್ತು ಅವರು ಮೊದಲು. ಡ್ರೈವರುಗಳು ಗೊಣಗುತ್ತಿದ್ದರು, ಆದರೆ ಮೀರುತ್ತಿರಲಿಲ್ಲ.

ನಿವೃತ್ತಿಯ ನಂತರ ಶಕ್ತಿನಗರದಲ್ಲಿ ನಮ್ಮ ಪಕ್ಕದ ಮನೆಗೆ ಬಂದರು. ಒಬ್ಬರೇ. ನಾನು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದವಳು. ನಮ್ಮ ಮನೆಯಲ್ಲಿ ಎಲ್ಲವೂ ಗಂಟೆಯ ಪ್ರಕಾರ. ಸಂಜೆ ಚಹಾ, ಆಮೇಲೆ ದೀಪ, ಆಮೇಲೆ ಟಿವಿಯಲ್ಲಿ ಆಟದ ಕಾರ್ಯಕ್ರಮ. ಹೊತ್ತು ತಪ್ಪದೆ ಬಂದು ಹೊತ್ತು ತಪ್ಪದೆ ಎದ್ದು ಹೋಗುವ ನೆರೆಯವರು ಸಿಕ್ಕಿದ್ದು ನನಗೆ ಬಹಳ ಹಿಡಿಸಿತು.

ಆದರೆ ಒಂದು ವಿಚಿತ್ರ ಇತ್ತು. ಆಟದಲ್ಲಿ ಇಬ್ಬರ ಅಂಕ ಸಮ ಆದ ಕೂಡಲೇ ಅವರು ಎದ್ದು ಜಗಲಿಗೆ ಹೋಗುತ್ತಿದ್ದರು. ಒಳಗೆ ನನ್ನ ಗಂಡ ಕುರ್ಚಿಯ ತುದಿಗೆ ಬಂದು ಕೂತಿರುತ್ತಿದ್ದರು. ಹೊರಗೆ ಇವರು ಗೇಟಿನ ಕಡೆ ಮುಖ ಮಾಡಿ ನಿಂತಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೇಳುತ್ತಿದ್ದರು, "ಆಯ್ತಾ ಸಿಸ್ಟರ್?"

"ಆಯ್ತು, ಬನ್ನಿ," ಎಂದ ಮೇಲೆಯೇ ಒಳಗೆ ಬರುವುದು.

"ಎಂತ ಮಾರಾಯ್ರೆ, ಟಿವಿಯೊಳಗಿನ ಬಸ್ಸು ಹೊರಗೆ ಬರುದಿಲ್ಲ," ಎಂದು ನನ್ನವರು ತಮಾಷೆ ಮಾಡುತ್ತಿದ್ದರು. ಅವರು ಹೋಟೆಲ್ ನಡೆಸಿದವರು, ಯಾರನ್ನೂ ಕಾಲೆಳೆಯದೆ ಬಿಡುವವರಲ್ಲ.

"ಬರುದಿಲ್ಲ, ಗೊತ್ತುಂಟು. ನೀವು ನೋಡಿ. ನನಗೆ ಆಗುದಿಲ್ಲ."

ಹೊರಗೆ ನಿಂತರೂ ಯಾವ ಕಾರ್ಯಕ್ರಮದವರು ಸಮ ಆದಾಗ ಎಂತ ಮಾಡುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಇನ್ನೊಂದು ಪ್ರಶ್ನೆ ಕೇಳಿ, ತಪ್ಪಿದವರನ್ನು ಮನೆಗೆ ಕಳಿಸುವವರಿದ್ದಾರೆ. ಯಾರು ಮೊದಲು ಗುಂಡಿ ಒತ್ತುತ್ತಾರೋ ಅವರಿಗೆ ಕೊಡುವವರಿದ್ದಾರೆ. ಬಹುಮಾನ ಹಂಚುವವರೂ ಇದ್ದಾರೆ. ಕೆಲವರು, ಈ ಡಬ್ಬದಲ್ಲಿ ಎಷ್ಟು ಗೋಲಿ ಉಂಟು ಎಂದು ಇಬ್ಬರಿಗೂ ಬರೆಯಲು ಹೇಳಿ, ಸರಿಯುತ್ತರಕ್ಕೆ ಹತ್ತಿರ ಬಂದವರಿಗೆ ಕೊಡುತ್ತಾರೆ. ಅದೊಂದನ್ನು ಮಾತ್ರ ಅವರು ಒಪ್ಪುತ್ತಿದ್ದರು. "ಕೂತು ಬರೆಯುವುದರಲ್ಲಿ ಯಾರಿಗೂ ಪೆಟ್ಟಾಗುದಿಲ್ಲ. ಇಬ್ಬರೂ ಸಮ ಅಂತ ಗೊತ್ತಾದ ಮೇಲೆ ಓಡಿಸುವುದು ಎಂತಕ್ಕೆ?"

ಆ ಕೈಯ ಕತೆಯನ್ನು ಒಮ್ಮೆ ಮಾತ್ರ ಹೇಳಿದರು. ಹರೆಯದಲ್ಲಿ ಅವರು ಬಸ್ ಕಂಡಕ್ಟರ್. ಒಂದು ದಿನ ಎರಡು ಬಸ್ಸುಗಳಿಗೆ ಒಂದೇ ನಿಮಿಷ ಬಂತು. ಆಗಿನ ಟೈಮ್‌ಕೀಪರ್ ನಗಾಡಿಕೊಂಡು, ನಂತೂರು ಸರ್ಕಲ್ ಮೊದಲು ಮುಟ್ಟಿದವರಿಗೆ ಆ ಟೈಮ್ ಎಂದು ವಿಸಿಲ್ ಊದಿದ. ಇವರು ಫುಟ್‌ಬೋರ್ಡಿನ ಮೇಲೆ ನಿಂತಿದ್ದರು.

"ಆಮೇಲೆ?" ಎಂದೆ.

"ನಂತೂರು ಯಾರೂ ಮುಟ್ಟಲಿಲ್ಲ ಸಿಸ್ಟರ್."

ಅಂದಿನಿಂದ ಅವರು ಫುಟ್‌ಬೋರ್ಡಿನ ಮೇಲೆ ನಿಂತವರಲ್ಲ. ಬಸ್ಸು ಹತ್ತಿದರೆ ನೇರ ಒಳಗೆ ಹೋಗಿ ಕೂರುವುದು.

ಈ ಕತೆ ಹೇಳಿದ ಮರುವರ್ಷ ನನ್ನವರ ಹೃದಯಕ್ಕೆ ಸ್ಟೆಂಟ್ ಹಾಕಿದರು. ಮನೆಯವರ ಹೊರತು ಯಾರಿಗೂ ತಿಳಿಸಬಾರದು ಎಂದು ಅವರ ಹಠ, ನೆರೆಯವರಿಗೂ ಹೇಳಲಿಲ್ಲ. ನಡೆಯಬಹುದು, ಓಡಬಾರದು, ಭಾರ ಎತ್ತಬಾರದು ಎಂದಿದ್ದರು ಡಾಕ್ಟರು. ನಾನು ಎಷ್ಟೋ ವರ್ಷ ಬೇರೆಯವರ ನಾಡಿ ಹಿಡಿದವಳು, ಆಗ ಹೆದರಿದ್ದಿಲ್ಲ. ಈಗ ಬಚ್ಚಲಲ್ಲಿ ಚೆಂಬು ಬಿದ್ದರೂ ಓಡಿಹೋಗಿ ಬಾಗಿಲು ಬಡಿಯುತ್ತಿದ್ದೆ. "ಇದ್ದೇನೆ ಮಾರಾಯ್ತಿ," ಎಂದು ಒಳಗಿಂದ ಉತ್ತರ ಬರುತ್ತಿತ್ತು.

ಅದೇ ಸಮಯದಲ್ಲಿ ಊರಿನ ಒಂದು ಕೇಬಲ್ ಚಾನೆಲಿನವರು ಹಿರಿಯ ದಂಪತಿಗಳಿಗೆ ಆಟದ ಕಾರ್ಯಕ್ರಮ ಮಾಡಿದರು. ನನ್ನವರು ನಮ್ಮಿಬ್ಬರ ಹೆಸರು ಕೊಟ್ಟೇಬಿಟ್ಟರು. ಎಲ್ಲ ಕೂತು ಆಡುವ ಆಟ, ಪ್ರಶ್ನೆ, ಚಿತ್ರ ಗುರುತಿಸುವುದು, ಅಷ್ಟೇ ಎಂದು ಚಾನೆಲಿನವರು ಫೋನಿನಲ್ಲಿ ಹೇಳಿದ ಮೇಲೆಯೇ ನಾನು ಒಪ್ಪಿದ್ದು. ವಿಸಿಲ್ ಊದಿ ಸಮಯ ನೋಡಿಕೊಳ್ಳಲು ಅವರು ಆರಿಸಿದ್ದು ಯಾರನ್ನು? ಊರಿಗೆಲ್ಲ ಪರಿಚಯದ ನಮ್ಮ ಟೈಮ್‌ಕೀಪರನ್ನು. ಅವರು ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದರು.

ಸ್ಟುಡಿಯೋ ಕಾವೂರು ಕಡೆಯ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲ ನಡುವೆ ನನ್ನವರು ನಿಂತು ಗೋಡೆ ಹಿಡಿದರು. ಚಪ್ಪಲಿ ಜಾರಿತು ಎಂದರು. ಚಪ್ಪಲಿ ಜಾರಿರಲಿಲ್ಲ. ನಾನು ಪರ್ಸಿನಲ್ಲಿದ್ದ ಮಾತ್ರೆಯನ್ನು ಮುಟ್ಟಿ ನೋಡಿಕೊಂಡೆ. ಹಿಂದೆ ಹೋಗುವ ಎಂದರೆ, "ಸುಮ್ಮನೆ ಬಾ, ನೋಡ್ತಾರೆ," ಎಂದರು.

ಆಟ ಚೆನ್ನಾಗಿಯೇ ನಡೆಯಿತು. ಚೀಟಿ ಎತ್ತಿದಾಗ ನಮ್ಮ ಹೆಸರು ಬಂದದ್ದರಿಂದ ಪ್ರತಿ ಸುತ್ತಿನಲ್ಲೂ ಮೊದಲ ಸರದಿ ನಮ್ಮದು. ಎದುರಿಗೆ ಕಾವೂರಿನ ದಂಪತಿ. ಕೊನೆಯ ಸುತ್ತು ಮುಗಿದಾಗ ಅಂಕ ಸಮ. ನಾನು ತಕ್ಷಣ ಟೈಮ್‌ಕೀಪರ ಕಡೆ ನೋಡಿದೆ. ಅಲ್ಲಿ ಎದ್ದು ಹೋಗಲು ಜಗಲಿ ಇರಲಿಲ್ಲ. ಅವರು ಬಾಗಿಲಿನ ಕಡೆ ಮುಖ ಮಾಡಿ ನಿಂತಿದ್ದರು.

ನಿರೂಪಕಿ ನಗುತ್ತಾ ಪರದೆ ಸರಿಸಿದಳು. ಹಾಲಿನ ಆ ತುದಿಯಲ್ಲಿ ಎತ್ತರದ ವೇದಿಕೆ, ಅದಕ್ಕೆ ಮೆಟ್ಟಿಲು, ಮೇಲೆ ಎರಡು ಗಂಟೆ ತೂಗುಹಾಕಿದ್ದರು. "ಈಗ ಯಜಮಾನರುಗಳ ಓಟ. ವಿಸಿಲ್ ಆದ ಕೂಡಲೇ ಓಡಿ ಹೋಗಿ ಯಾರು ಮೊದಲು ಗಂಟೆ ಬಾರಿಸ್ತಾರೋ ಅವರಿಗೆ ಬಹುಮಾನ."

ನನ್ನವರು ಆಗಲೇ ಚಪ್ಪಲಿ ಬಿಟ್ಟು ಗೆರೆಯ ಹತ್ತಿರ ನಿಂತಿದ್ದರು. ನಾನು ಹಿಂದಿನಿಂದ ಅವರ ಅಂಗಿ ಹಿಡಿದೆ.

"ಬೇಡ. ಹೇಳಿಬಿಡುವ."

"ಬಿಡು ಮಾರಾಯ್ತಿ. ಇಷ್ಟೇ ದೂರ."

ಅವರ ಕಿವಿಯ ಹಿಂದೆ ಬೆವರಿತ್ತು. ಏಸಿಯಲ್ಲಿ, ಕೂತು ಆಡಿದ ಮನುಷ್ಯನಿಗೆ ಬೆವರು. ಆ ಬೆವರು ಎಂತದ್ದೆಂದು ನನಗೆ ಗೊತ್ತು. ಕೂಗುವ ಬದಲು ಅಂಗಿಯನ್ನು ಇನ್ನೂ ಗಟ್ಟಿಯಾಗಿ ಎಳೆದು ಹಿಡಿದೆ. ಎಷ್ಟೋ ಮಂದಿಯ ಮಕ್ಕಳಿಗೆ, ಹೆಂಡತಿಯರಿಗೆ ಹೆದರಬೇಡಿ ಎಂದು ಗದರಿದವಳು ನಾನು.

ಟೈಮ್‌ಕೀಪರ್ ವಿಸಿಲನ್ನು ಬಾಯಿಯ ಹತ್ತಿರ ತಂದರು. ಊದಲಿಲ್ಲ.

"ಸರ್, ವಿಸಿಲ್," ಎಂದಳು ನಿರೂಪಕಿ.

ಅವರು ವಿಸಿಲನ್ನು ಜೇಬಿಗೆ ಹಾಕಿಕೊಂಡರು. "ನಾನು ಊದುದಿಲ್ಲ."

ಕ್ಯಾಮೆರಾದ ಹಿಂದಿನಿಂದ ನಿರ್ಮಾಪಕರು, "ಎಂತ ಅಣ್ಣ, ಜನ ಇದಕ್ಕೇ ಅಲ್ವಾ ಕಾಯುದು?" ಎಂದರು.

"ಕಾದವರು ಕಾವೂರಿನವರು. ಇವರಿಗೆ ಪ್ರತಿ ಸಲ ಮೊದಲ ಸರದಿ ಸಿಕ್ಕಿದೆ. ಹಿಂದೆ ನಿಂತು ಸಮ ಮಾಡಿದವರು ಅವರು. ಗೆಲುವು ಅವರದ್ದು. ಓಟ ಇಲ್ಲ."

ನೋಡಲು ಬಂದವರಲ್ಲಿ ಅರ್ಧ ಜನ ಅವರ ವಿಸಿಲಿಗೆ ಬಸ್ಸು ಹತ್ತಿ ಇಳಿದವರು. ಚಪ್ಪಾಳೆ ಹೊಡೆದರು. ಕಾವೂರಿನ ಹೆಂಗಸು, "ನಮ್ಮವರಿಗೂ ಮಂಡಿನೋವು ಉಂಟು, ಒಳ್ಳೆದಾಯ್ತು," ಎಂದರು. ನಿರ್ಮಾಪಕರು ಬಹುಮಾನವನ್ನು ಕಾವೂರಿನವರಿಗೆ ಕೊಡಿಸಿದರು. ಟೈಮ್‌ಕೀಪರನ್ನು ಮುಂದೆಂದೂ ಕರೆಯಲಿಲ್ಲ.

ನನ್ನವರ ಮುಖ ಕೆಂಪಾಗಿತ್ತು. "ನೆರೆಕರೆಯವ ಅಂತ ಮನೆಗೆ ಸೇರಿಸಿದ್ದು ಇದಕ್ಕಾ?" ಎಂದು ಅವರಿಗೆ ಕೇಳುವಂತೆಯೇ ಹೇಳಿ ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಲ್ಲಿ ಎದೆ ಹಿಡಿದು ಕೂತುಬಿಟ್ಟರು.

ನಾಲಿಗೆಯ ಅಡಿಗೆ ಮಾತ್ರೆ ಇಟ್ಟೆ. ನಾಡಿ ಸಿಗುತ್ತಿತ್ತು, ಜಾರುತ್ತಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಬರಲು ತಡ ಉಂಟು ಎಂದರು. ಹಿಂದೆಯೇ ಇಳಿದು ಬಂದ ಟೈಮ್‌ಕೀಪರ್ ಒಂದು ಮಾತೂ ಕೇಳದೆ ರಸ್ತೆಗೆ ಓಡಿದರು. ಮೇಲೆ ಊದದ ವಿಸಿಲನ್ನು ಅಲ್ಲಿ ಊದಿದರು. ಬರುತ್ತಿದ್ದ ಸಿಟಿ ಬಸ್ಸು ಗಕ್ಕನೆ ನಿಂತಿತು.

"ದಾನೆ ಅಣ್ಣ?" ಎಂದು ಡ್ರೈವರ್ ತುಳುವಿನಲ್ಲಿ ಕೇಳಿದ, ಏನಾಯ್ತು ಎಂದು. ನನ್ನವರನ್ನು ನೋಡಿದ ಕೂಡಲೇ ಒಂದು ಸೀಟು ಖಾಲಿ ಮಾಡಿಸಿದ. ಜನ ಎತ್ತಿ ಸೀಟಿನಲ್ಲಿ ಮಲಗಿಸಿದರು. ಬಸ್ಸು ಆಸ್ಪತ್ರೆಗೆ ಹೊರಟಿತು. "ನನ್ನ ಸ್ಟಾಪ್ ಹೋಯ್ತಲ್ಲ," ಎಂದ ಒಬ್ಬ ಹೆಂಗಸು ನಮ್ಮ ಕಡೆ ನೋಡಿ ತಮ್ಮ ಚೀಲವನ್ನು ನನ್ನವರ ತಲೆಯಡಿಗೆ ಇಟ್ಟರು.

ನಂತೂರಿಗೆ ಬರುವಾಗ ಎದುರಿಗೆ ಲಾರಿಗಳ ಗೋಡೆ. ಅಷ್ಟರಲ್ಲಿ ಅದೇ ದಾರಿಯ ಇನ್ನೊಂದು ಬಸ್ಸು ಪಕ್ಕಕ್ಕೆ ಬಂತು. ನಮ್ಮದು ಸ್ಟಾಪ್ ಬಿಟ್ಟು ಓಡುವುದನ್ನು ನೋಡಿ ರೇಸ್ ಎಂದುಕೊಂಡು ಅವನೂ ಹಾರ್ನ್ ಹಾಕಿದ. ಎರಡೂ ಬಸ್ಸು ಮೂತಿಗೆ ಮೂತಿ ಸಮ. ನಮ್ಮ ಡ್ರೈವರನ ಕಾಲು ಆಕ್ಸಿಲರೇಟರ್ ಅದುಮುವುದು ನನಗೆ ತಿಳಿಯಿತು. ಇಡೀ ಬಸ್ಸು ನಡುಗಿತು. ನಾನು ನನ್ನವರ ಕೈ ಹಿಡಿದು ಕಣ್ಣು ಮುಚ್ಚಿದೆ.

"ಅವ ಹೋಗಲಿ," ಎಂಬ ಸ್ವರ ಕೇಳಿತು. "ನೀನು ನಿಧಾನ ಹೋಗು. ಆದರೆ ನಿಲ್ಲಿಸಬೇಡ."

ಕಣ್ಣು ಬಿಟ್ಟರೆ ಟೈಮ್‌ಕೀಪರ್ ಫುಟ್‌ಬೋರ್ಡಿನ ಮೇಲಿದ್ದರು. ನೇರವಾಗದ ಮೊಣಕೈಯನ್ನು ಬಾಗಿಲ ಕಂಬಿಗೆ ಕೊಕ್ಕೆಯ ಹಾಗೆ ಸಿಕ್ಕಿಸಿ, ದೇಹವನ್ನು ಹೊರಗೆ ಚಾಚಿ ವಿಸಿಲ್ ಊದುತ್ತಿದ್ದರು. ಒಂದು ಲಾರಿ ನಿಂತಿತು, ಅದರ ಹಿಂದಿನದೂ ನಿಂತಿತು. ನಮ್ಮ ಬಸ್ಸು ಮೆಲ್ಲಗೆ, ಎಲ್ಲೂ ನಿಲ್ಲದೆ, ನಂತೂರು ದಾಟಿತು.

ನನ್ನವರು ಉಳಿದರು. ಇನ್ನೊಂದು ಸ್ಟೆಂಟ್ ಬಿತ್ತು. ಸ್ಟುಡಿಯೋದಲ್ಲಿ ಆ ಗಂಟೆ ಬಾರಿಸಲು ಓಡಿದ್ದರೆ ಎಂದು ನಾನು ಕೇಳಿದಾಗ ಡಾಕ್ಟರು ಮುಂದಿನ ಮಾತ್ರೆಗಳ ಚೀಟಿ ಬರೆಯತೊಡಗಿದರು. ಅದರ ಅರ್ಥ ಸಿಸ್ಟರ್ ಆಗಿದ್ದವಳಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಟೈಮ್‌ಕೀಪರನ್ನು ಕೇಳಿದೆ, "ಇವರ ಹೃದಯದ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ ಸಿಸ್ಟರ್. ನನಗೆ ಹೆದರಿಕೆ ಆಯ್ತು, ಅಷ್ಟೇ."

ನನ್ನವರು ಅವರಿಗೆ ಉಪಕಾರ ಆಯ್ತು ಎಂದು ಬಾಯಿಬಿಟ್ಟು ಹೇಳಲಿಲ್ಲ. ಮನೆಗೆ ಬಂದ ಮೊದಲ ಸಂಜೆ ಜಗಲಿಯಲ್ಲಿ ಎರಡು ಕುರ್ಚಿ ಹಾಕಿಸಿದರು. ಆಮೇಲೆ ಟಿವಿಯಲ್ಲಿ ಅಂಕ ಸಮ ಆದಾಗ ಇಬ್ಬರೂ ಎದ್ದು ಹೋಗುತ್ತಿದ್ದರು. ಒಳಗೆ ನಾನೊಬ್ಬಳೇ.

ಟೈಮ್‌ಕೀಪರ್ ಹೋದ ವರ್ಷ ತೀರಿಕೊಂಡರು, ಮಧ್ಯಾಹ್ನ ಊಟ ಮಾಡಿ ಮಲಗಿದವರು ಚಹಾದ ಹೊತ್ತಿಗೆ ಬರಲಿಲ್ಲ. ಅವರು ತಡ ಮಾಡುವವರಲ್ಲ. ಹಾಗಾಗಿ ಹೋಗಿ ಬಾಗಿಲು ತಟ್ಟುವ ಮೊದಲೇ ನನಗೆ ಗೊತ್ತಾಗಿತ್ತು.

ಈಗಲೂ ಚಹಾ, ದೀಪ, ಟಿವಿ ಅದೇ ಹೊತ್ತಿಗೆ. ನಿನ್ನೆಯ ಆಟದಲ್ಲಿ ಮತ್ತೆ ಅಂಕ ಸಮ ಆಯಿತು. ನನ್ನವರು ಎದ್ದು ಹೋಗಿ ಎರಡು ಕುರ್ಚಿಗಳಲ್ಲಿ ತಮ್ಮದರಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಹೊರಗಿಂದ ಸ್ವರ ಬಂತು, "ಆಯ್ತಾ?"

ಪರದೆಯ ಮೇಲೆ ಇಬ್ಬರು ಗುಂಡಿಯ ಮೇಲೆ ಕೈ ಚಾಚಿ ನಿಂತಿದ್ದರು.

"ಇನ್ನೂ ಇಲ್ಲ," ಎಂದೆ. "ನೀವು ಅಲ್ಲೇ ಕೂತಿರಿ."