ಗಂಗತ್ತಿಯನ್ನು ಪಂಚಮಿಗೆ ಕರೆದ ವರ್ಷ

ಆಗೆಲ್ಲ ಶ್ರಾವಣ ಹತ್ತಿರ ಬಂತೆಂದರೆ ನಮ್ಮೂರ ಗಂಡಸರು ಎಲ್ಲಿಗೆ ಹೊರಟರು ಎಂದು ಯಾರೂ ಕೇಳುತ್ತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಬೈಕಿನ ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಹೊರಟವನೆಂದರೆ ಅಕ್ಕನನ್ನೋ ತಂಗಿಯನ್ನೋ ಪಂಚಮಿಗೆ ಕರೆತರಲು ಹೊರಟವನು. ಮೊಬೈಲು ಆಗಲೇ ಮನೆಗೊಂದು ಬಂದಿತ್ತು, ಆದರೆ ಫೋನಿನಲ್ಲಿ ಕರೆದರೆ ಅದು ಕರೆದಂತೆ ಅಲ್ಲ. ತವರಿನವರು ಖುದ್ದು ಬಾಗಿಲಿಗೆ ಬರಬೇಕು, ಒಂದು ತಂಬಿಗೆ ನೀರು ಕುಡಿಯಬೇಕು, ‘ನಡಿ ತಂಗಿ’ ಅನ್ನಬೇಕು. ಹಾಗೆ ಕರೆಸಿಕೊಂಡವಳು ಓಣಿ ತುಂಬ ಹೇಳಿಕೊಂಡು ತಿರುಗುತ್ತಿದ್ದಳು. ಕರೆ ಬಾರದವಳು ಹಬ್ಬ ಮುಗಿಯುವವರೆಗೆ ಕಟ್ಟೆಗೆ ಬಂದು ಕೂರುತ್ತಿರಲಿಲ್ಲ.

ನಮ್ಮಪ್ಪ ಮಾತ್ರ ಶ್ರಾವಣದಲ್ಲಿ ಎಲ್ಲಿಗೂ ಹೋಗುತ್ತಿರಲಿಲ್ಲ. ಅವನಿಗೆ ತಂಗಿ ಇರಲಿಲ್ಲವೆಂದಲ್ಲ. ಒಬ್ಬಳೇ ತಂಗಿ, ಗಂಗವ್ವ, ನಮಗೆಲ್ಲ ಗಂಗತ್ತಿ. ಅಥಣಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅಜ್ಜ ತೀರಿಕೊಂಡ ಮೇಲೆ ಹೊಲ ಅಪ್ಪನ ಹೆಸರಿಗೆ ಆಗಬೇಕಾದರೆ ಅವಳು ತನ್ನ ಪಾಲು ಬಿಟ್ಟುಕೊಟ್ಟ ಸಹಿ ಬೇಕಿತ್ತು. ಬಂದಳು, ಕೇಳಿದಲ್ಲಿ ಸಹಿ ಮಾಡಿದಳು. ‘ನನಗ್ಯಾಕ ಹೊಲ? ತವರಮನಿ ಒಂದ ಇದ್ರ ಸಾಕು’ ಅಂದಳಂತೆ. ನಮ್ಮ ಕಡೆ ಹೆಣ್ಣುಮಕ್ಕಳ ಲೆಕ್ಕ ಹಾಗೇ ಇತ್ತು: ಹೊಲ ಬಿಟ್ಟರೆ ತವರು ಉಳಿಯುತ್ತದೆ, ಹೊಲ ಹಿಡಿದರೆ ತವರು ಹೋಗುತ್ತದೆ. ಗಂಗತ್ತಿ ಹೊಲ ಬಿಟ್ಟಳು. ಅದಾದ ಮೇಲೆ ಅಪ್ಪ ಅವಳನ್ನು ಒಂದು ಪಂಚಮಿಗೂ ಕರೆಯಲಿಲ್ಲ.

ಅವ್ವ ವರ್ಷವರ್ಷವೂ ನೆನಪು ಮಾಡುತ್ತಿದ್ದಳು. ಈ ಸಲ ಕಬ್ಬಿನ ಬಿಲ್ಲು ಬಂದಿಲ್ಲ, ಈ ಸಲ ಎಮ್ಮೆ ಈಯುವುದಿದೆ ಎಂದು ಅಪ್ಪ ಏನೋ ಒಂದು ಹೇಳುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅದೇ. ಮನೆಗೆ ಬಂದವಳು ಎಲ್ಲಿ ಪಾಲಿನ ಮಾತು ತೆಗೆಯುತ್ತಾಳೋ ಎಂಬ ಅಂಜಿಕೆ. ಅವಳ ಬಾಯಲ್ಲಿ ಆ ಮಾತು ಒಂದು ದಿನವೂ ಬಂದದ್ದಿಲ್ಲ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಹೊಲದ ಹದ್ದಿನ, ಅಂದರೆ ಗಡಿಯ, ಜಗಳ ಶುರುವಾಯಿತು. ಶೇಡಬಾಳದ ಹತ್ತಿರ, ತೋಟದಲ್ಲೇ ನಮ್ಮ ಮನೆ. ಒಡ್ಡಿನ ಈ ಕಡೆ ನಮ್ಮ ಕಬ್ಬು, ಆ ಕಡೆ ಭೂಪಾಲ ಕಾಕಾನ ಹೊಲ. ಕಾಕಾ ದ್ರಾಕ್ಷಿ ಹಚ್ಚುವವನಿದ್ದ. ಕಲ್ಲಿನ ಕಂಬ ನೆಟ್ಟ ಮೇಲೆ ತಕರಾರು ಬೇಡವೆಂದು ಸರಕಾರಿ ಮೋಜಣಿ ಮಾಡಿಸಿದ. ಸರ್ವೇಯರ್ ಬಂದು ಅಳೆದು ಹದ್ದಿನ ಕಲ್ಲು ಹಾಕಿಸಿ ಹೋದ. ಕಲ್ಲು ಬಂದದ್ದು ಒಡ್ಡಿನ ಮೇಲಲ್ಲ, ನಮ್ಮ ಕಬ್ಬಿನೊಳಗೆ. ಅಂಚಿನ ಎರಡು ಸಾಲು ಕಬ್ಬು ಕಾಕಾನ ಕಡೆಗೆ ಹೋಯಿತು.

ಅಪ್ಪನಿಗೆ ಎರಡು ಸಾಲು ಹೋದದ್ದಕ್ಕಿಂತ ತನ್ನ ಒಡ್ಡು ಸುಳ್ಳಾದದ್ದು ತಡೆಯಲಾಗಲಿಲ್ಲ. ಸರ್ವೇಯರನಿಗೆ ಕಾಕಾ ಏನೋ ತಿನ್ನಿಸಿದ್ದಾನೆ ಎಂದು ಚಹಾದಂಗಡಿಯಲ್ಲಿ ಕೂತು ಹೇಳಿದ. ರಾಯಬಾಗದ ವಕೀಲರ ಹತ್ತಿರ ಹೋದ. ಅವರು ತಣ್ಣಗೆ, ಸಂಶಯವಿದ್ದರೆ ತಕರಾರು ಅರ್ಜಿ ಕೊಡಿ, ಮೇಲಿನವರು ಬಂದು ಇಬ್ಬರ ಮುಂದೆ ಮರು ಅಳತೆ ಮಾಡುತ್ತಾರೆ ಅಂದರು. ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದ ನಿವೃತ್ತ ತಲಾಟಿ ನಮ್ಮ ಮನೆಯ ಚಹಾ ಕುಡಿದು ಅದನ್ನೇ ಅಂದರು. ಸರ್ವೇ ಕಚೇರಿಯ ತಪ್ಪನ್ನು ಸರ್ವೇದವರೇ ಒಪ್ಪುತ್ತಾರೇನು ಎಂದು ಅಪ್ಪ ಹಾರಾಡಿದ. ಅವನಿಗೆ ಬೇಕಾಗಿದ್ದದ್ದು ಅಳೆಯುವವನಲ್ಲ, ನಿನ್ನದೇ ಖರೆ ಅನ್ನುವವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ವಕೀಲರು ಏನು ಹೇಳಿಯಾರು?

ಆಗ ಅವನಿಗೆ ಗಂಗತ್ತಿಯ ನೆನಪಾಯಿತು. ನೇರ ಹೇಳುತ್ತೇನೆ, ಅವಳದಲ್ಲ, ಅವಳ ಗಂಡನ ನೆನಪಾಯಿತು. ಮಾಮಾ ಅಥಣಿ ಕಡೆ ಸರ್ವೇ ಖಾತೆಯಲ್ಲೇ ನೌಕರಿ ಮಾಡುತ್ತಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಾದದ್ದಿಷ್ಟೇ: ಈ ಸಲ ಅಪ್ಪ ಇಸ್ತ್ರಿ ಅಂಗಿ ತೊಟ್ಟ, ನನ್ನನ್ನು ಬೈಕಿನ ಮುಂದೆ ಪೆಟ್ರೋಲ್ ಟಾಕಿಯ ಮೇಲೆ ಕೂರಿಸಿಕೊಂಡ, ನಾವು ಅತ್ತೆಯನ್ನು ಕರೆಯಲು ಹೊರಟೆವು. ದಾರಿಯುದ್ದಕ್ಕೂ ನಾನು ಕಂಡವರಿಗೆಲ್ಲ ಕೈ ಬೀಸಿದೆ.

ಗಂಗತ್ತಿ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಅಪ್ಪನನ್ನು ನೋಡಿ ಎದ್ದು ನಿಂತಳು. ಕೈ ಸಗಣಿಯಾಗಿದ್ದರಿಂದ ಮೊಣಕೈಯಿಂದಲೇ ಸೆರಗು ಎಳೆದು ಕಣ್ಣು ಒರೆಸಿಕೊಂಡಳು.

“ಹಾದಿ ನೆನಪಿತ್ತೇನೋ ಅಣ್ಣಾ?” ಅಂದಳು.

“ಹಂಗ್ಯಾಕ ಅಂತಿ? ಪಂಚಮಿಗೆ ನಡಿ. ಪಾವಣೇರ್ನೂ ಕರಕೊಂಡ ಬಾ. ಅವರು ಬರಲೇಬೇಕ ನೋಡು.”

ಪಾವಣೇರು ಎಂದರೆ ಮಾಮಾ. ನಮ್ಮ ಕಡೆ ಬೀಗರನ್ನು ಹಾಗೇ ಕರೆಯುವುದು. ನೀರು ಕುಡಿಯುವಾಗ, ಚಹಾ ಕುಡಿಯುವಾಗ, ಏಳುವಾಗ, ಅಪ್ಪ ಅದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಅಣ್ಣ ತನ್ನ ಗಂಡನಿಗೆ ಇಷ್ಟು ಮಾನ ಕೊಡುತ್ತಿದ್ದಾನಲ್ಲ ಎಂದು ಅತ್ತೆ ಹಿಗ್ಗಿಹೋದಳು. ಚಹಾಕ್ಕೆ ಸಕ್ಕರೆ ತರುವ ನೆಪ ಮಾಡಿ ನನ್ನ ಕೈ ಹಿಡಿದುಕೊಂಡು ಓಣಿಗೆ ಹೊರಟಳು. ಸಕ್ಕರೆ ಮೊದಲ ಮನೆಯಲ್ಲೇ ಸಿಕ್ಕಿತು, ಆದರೂ ಅವಳು ಕೊನೆಯ ಮನೆಯವರೆಗೆ ಹೋದಳು.

“ನಮ್ಮಣ್ಣ ತಾನ ಕರಿಯಾಕ ಬಂದಾನ. ಇಕಿ ಅವನ ಮಗಳು,” ಎಂದು ಒಂದೊಂದು ಹೊಸ್ತಿಲಲ್ಲೂ ನಿಂತು ಹೇಳಿದಳು.

ಹೆಂಗಸರು ನನ್ನ ಗದ್ದ ಹಿಡಿದು ನೋಡಿದರು, ಕೈಗೆ ಬೆಲ್ಲ ಕೊಟ್ಟರು. ನನಗೋ, ನಾನೇ ಹಬ್ಬ ಹೊತ್ತು ತಂದವಳಂತೆ ಜಂಬ. ಆ ಓಣಿ ನೆನಪಾದರೆ ಇವತ್ತಿಗೂ ನನ್ನ ಮೈ ಕುಗ್ಗುತ್ತದೆ.

ಹಬ್ಬದ ಹಿಂದಿನ ದಿನ, ರೊಟ್ಟಿ ಪಂಚಮಿಗೆ, ಇಬ್ಬರೂ ಬಂದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಡಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ. ಮಧ್ಯಾಹ್ನ ಅವ್ವ, ಅತ್ತೆ ಕೂಡಿ ಉಂಡಿ ಕಟ್ಟಲು ಕೂತರು. ಹುರಿದ ಎಳ್ಳು, ಬೆಲ್ಲದ ಪಾಕ, ಏಲಕ್ಕಿಯ ವಾಸನೆ ದನದ ಕೊಟ್ಟಿಗೆಯವರೆಗೂ ಹೋಗಿತ್ತು. ಅತ್ತೆ ಕಟ್ಟಿದ ಉಂಡಿ ಒಂದೊಂದೂ ನನ್ನ ಎರಡು ಕೈಗೆ ಹಿಡಿಸುತ್ತಿರಲಿಲ್ಲ. ತವರಲ್ಲಿ ಸಣ್ಣ ಉಂಡಿ ಕಟ್ಟಿದರೆ ಜನ ನಗುತ್ತಾರೆ ಅನ್ನುತ್ತಿದ್ದಳು. ಮಾತಿಗೊಮ್ಮೆ ನಗು. ಅವ್ವ ಮಾತ್ರ ತಲೆ ತಗ್ಗಿಸಿಕೊಂಡು ಪಾಕ ತಿರುವುತ್ತಿದ್ದಳು. ಮಾಮಾ ದಪ್ಪ ಮನುಷ್ಯ, ಎಲ್ಲರನ್ನೂ ನಗಿಸುವ ಭಾರೀ ಮಸ್ಕಿರಿಯವನು. ಕೊಬ್ಬರಿ ಬಟ್ಟಲಿಗೆ ದಾರ ಹಾಕಿ ಗರಗರ ತಿರುಗಿಸುವ ಆಟದಲ್ಲಿ ನಮ್ಮ ಓರಗೆಯ ಹುಡುಗರನ್ನೆಲ್ಲ ಸೋಲಿಸಿದ.

ಮರುದಿನ ನಾಗರ ಪಂಚಮಿ. ಬೆಳಿಗ್ಗೆ ಅತ್ತೆ ಅಪ್ಪ ತಂದ ಹೊಸ ಸೀರೆ ಉಟ್ಟು, ಹುತ್ತಕ್ಕೆ ಹಾಲೆರೆದಳು. ದೇವರ ಪಾಲು, ಹಿರಿಯರ ಪಾಲು ಎಂದು ಹನಿ ಹನಿ ಬಿಡುತ್ತಿದ್ದವಳು ಅಣ್ಣನ ಪಾಲು ಅನ್ನುವಾಗ ಬಟ್ಟಲು ತುಂಬ ಸುರಿದಳು. ಅಪ್ಪ ಅಲ್ಲಿರಲಿಲ್ಲ.

ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಅತ್ತೆ ಸೀರೆ ಎತ್ತಿ ಸಿಕ್ಕಿಸಿ, ನನ್ನನ್ನು ಹಲಗೆಯ ಮೇಲೆ ಕೂರಿಸಿ, ತಾನು ನಿಂತು ಜೀಕತೊಡಗಿದಳು. ಅಬ್ಬಾ, ಏನು ಜೀಕು! ಮೇಲೆ ಹೋದಾಗ ಕಬ್ಬಿನ ತುದಿ ಕೆಳಗೆ ಕಾಣುತ್ತಿತ್ತು, ಕೆಳಗೆ ಬಂದಾಗ ಹೊಟ್ಟೆಯಲ್ಲಿ ಝುಮ್ಮೆನ್ನುತ್ತಿತ್ತು. ಇನ್ನೂ ಮ್ಯಾಲೆ ಎಂದು ನಾನು ಕೇಳುತ್ತಿದ್ದೆ. ಒಮ್ಮೆ ಮೇಲೆ ಹೋದಾಗ ಕಬ್ಬಿನಾಚೆ ಒಡ್ಡಿನ ಮೇಲೆ ಅಪ್ಪ ಕಂಡ. ಕೈಯಲ್ಲಿ ಟೇಪಿನ ತುದಿ. ಇನ್ನೊಂದು ತುದಿಗೆ ಮಾಮಾ, ಕಂಕುಳಲ್ಲಿ ನಕಾಶೆ. ಅಪ್ಪನ ಹೆಗಲ ಮೇಲೆ ಗುದ್ದಲಿ ಬೇರೆ. ಪಂಚಮಿ ದಿನ ನಮ್ಮ ಕಡೆ ನೆಲ ಅಗೆಯುವುದಿಲ್ಲ, ಕುಡುಗೋಲು ಸಹ ಮುಟ್ಟುವುದಿಲ್ಲ. ಮಾಮಾ ಗುದ್ದಲಿ ಬೇಡವೆಂದು ಕೈಯಾಡಿಸುತ್ತಿದ್ದ. ಭೂಪಾಲ ಕಾಕಾ ತನ್ನ ಹೊಲದ ಅಂಚಿಗೆ ಬಂದು ಕೈಕಟ್ಟಿ ನಿಂತು ನೋಡುತ್ತಿದ್ದ.

ಅತ್ತೆ ಜೀಕುವುದು ನಿಲ್ಲಿಸಿದಳು. ಜೋಕಾಲಿ ತಾನಾಗಿ ತೂಗುತ್ತ ಸಣ್ಣದಾಗುತ್ತ ಬಂತು. ಇಳಿದು ಸೀದಾ ಒಳಗೆ ಹೋಗಿ, ಏನು ಅಳೆಯುತ್ತಿದ್ದಾರೆ ಎಂದು ಅವ್ವನನ್ನು ಕೇಳಿದಳು. ಅವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬೇಸಿಗೆಯ ಮೋಜಣಿ, ವಕೀಲರು, ತಲಾಟಿ, ಎಲ್ಲ ಹೇಳಿದಳು. ಗಂಗತ್ತಿ ಪೂರಾ ಕೇಳಿದಳು. “ಇರಲಿ ಬಿಡ ವೈನಿ. ಹೆಂಗರೆ ಆಗಲಿ, ಕರದಾನಲ್ಲ,” ಅಂದು ಕಡಬಿಗೆ ಹಿಟ್ಟು ನಾದಲು ಕೂತಳು. ಅಷ್ಟಾದರೂ ಅವಳು ಹಬ್ಬವನ್ನು ಉಳಿಸಿಕೊಳ್ಳುವವಳೇ ಇದ್ದಳು.

ಊಟಕ್ಕೆ ಕೂತಾಗ ಅದೂ ಉಳಿಯಲಿಲ್ಲ. ತಾಟಿನಲ್ಲಿ ಬಿಸಿ ಕಡಬು. ಅತ್ತೆ ತುಪ್ಪದ ಬಟ್ಟಲು ಹಿಡಿದು ನಿಂತಿದ್ದಳು. ಅಪ್ಪ ತುತ್ತು ಎತ್ತದೆ ಮಾಮಾನ ಮುಖವನ್ನೇ ನೋಡುತ್ತಿದ್ದ.

“ಪಾವಣೇರ, ಖರೇ ಹೇಳತೀನಿ,” ಅಂದ ಮಾಮಾ. “ಕಲ್ಲ ಸರಿ ಅದಾವ. ನಿಮ್ಮ ಒಡ್ಡ ಅವರ ಹೊಲದಾಗ ಐತಿ. ನನ್ನ ಮ್ಯಾಲೂ ನಂಬಿಗಿ ಇಲ್ಲಂದ್ರ ಅರ್ಜಿ ಕೊಡ್ರಿ, ಇಬ್ಬರ ಮುಂದ ಮತ್ತ ಅಳೀತಾರ. ಯಾರ ಅಳದ್ರೂ ಅಷ್ಟ ಬರತೈತಿ.”

ಸರ್ವೇ ಕಚೇರಿಯಲ್ಲಿ ನಿಮ್ಮ ಗುರುತಿನವರು ಇದ್ದಾರಲ್ಲ, ಒಂದು ಮಾತು ಹೇಳಿ ಕಲ್ಲು ಸರಿಸಬಾರದೇ ಎಂದು ಅಪ್ಪ ಕೇಳಿದ. ಅದು ತನ್ನಿಂದ ಆಗುವುದಿಲ್ಲ ಎಂದು ಮಾಮಾ ಕಡಬು ಮುರಿದ.

“ಹಂಗಾದ್ರ ನಿಮ್ಮನ್ನ ಕರಿಸಿದ್ದಾದ್ರೂ ಯಾತಕ್ಕ?” ಅಂದ ಅಪ್ಪ.

ಗಟ್ಟಿಯಾಗಿಯೇನೂ ಅನ್ನಲಿಲ್ಲ. ಆಡಿದ ಮೇಲೆ ಅವನಿಗೇ ತಿಳಿಯಿತು, ತಾಟಿನ ಕಡೆ ನೋಡಿದ. ಅವ್ವ ಒಲೆಯ ಕಡೆ ತಿರುಗಿ ಕೂತಳು. ನಾನು ಕಡಬು ಬಾಯಲ್ಲಿಟ್ಟುಕೊಂಡೇ ಕೂತೆ. ಮನೆಗೆ ಬಂದವರಿಗೆ, ಅದೂ ಮನೆಮಗಳ ಗಂಡನಿಗೆ, ತಾಟಿನ ಮುಂದೆ ಕೂರಿಸಿ ಹೀಗೆ ಅನ್ನುವುದೆಂದರೆ ಎಂಥ ನಾಚಿಕೆಗೇಡು ಎಂದು ಆ ವಯಸ್ಸಿಗೂ ತಿಳಿಯುತ್ತಿತ್ತು. ಗಂಗತ್ತಿ ಮಾತ್ರ ಬಗ್ಗಿ ಅಣ್ಣನ ತಾಟಿಗೆ ತುಪ್ಪ ಬಡಿಸಿದಳು, ಗಂಡನಿಗೆ ಬಡಿಸಿದಳು. ಆಮೇಲೆ ಅವ್ವನ ಜೊತೆ ತಾನೂ ಕೂತು ಉಂಡಳು. ಹಬ್ಬದ ದಿನ ಉಣ್ಣದೆ ಎದ್ದುಹೋದರೆ ಆ ಮನೆಗೆ ಒಳ್ಳೆಯದಲ್ಲ. ಅದಕ್ಕೇ ಉಂಡಳು ಅನ್ನಿಸುತ್ತದೆ.

ಉಂಡ ಮೇಲೆ ಚೀಲ ಕಟ್ಟಿದಳು. ಇನ್ನೂ ನಾಲ್ಕು ದಿನ ಇರುತ್ತೇನೆಂದು ಬಂದಿದ್ದವಳು. ಮಾಮಾನೇ, ಮನೆಯ ಮಾತು, ಬಿಡು ಎಂದು ಸಮಾಧಾನ ಮಾಡಿದ. ಅವ್ವ ಅಳುತ್ತ ಉಡಿ ತುಂಬಿದಳು, ಅಕ್ಕಿ, ಬೆಲ್ಲ, ಕೊಬ್ಬರಿ, ಕುಬಸಕ್ಕೆ ಕಣದ ಬಟ್ಟೆ. ಅತ್ತೆ ಬೇಡ ಅನ್ನಲಿಲ್ಲ. ಸೆರಗಿನಲ್ಲಿ ಎಲ್ಲ ಕಟ್ಟಿಕೊಂಡು ಕೊಟ್ಟಿಗೆಯ ಹತ್ತಿರ ನಿಂತಿದ್ದ ಅಪ್ಪನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಅವಳ ಚೀಲ ಹಿಡಿದು ಹಿಂದೆಯೇ ಇದ್ದೆ.

“ಅಣ್ಣಾ, ಇನ್ನೂ ಎಲ್ಲೆರೆ ಸಹಿ ಬೇಕಿದ್ರ ಈಗ ಹೇಳು, ಮಾಡೇ ಹೋಗತೀನಿ. ಅದಕ್ಕಂತ ಮತ್ತ ಪಂಚಮಿಗೆ ಕರಿಯಾಕ ಬರಬ್ಯಾಡ.”

ಸಿಟ್ಟಿನಲ್ಲಿ ಅಂದಿದ್ದರೆ ಅಪ್ಪ ತಿರುಗಿ ಏನಾದರೂ ಅನ್ನುತ್ತಿದ್ದ. ಅವಳು ಖರೇನೇ ಕೇಳಿದ್ದಳು, ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ಅಪ್ಪ ಕಟ್ಟಿದ್ದ ಎಮ್ಮೆಯ ಹಗ್ಗ ಬಿಚ್ಚಿ ಮತ್ತೆ ಕಟ್ಟಿದ. ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

ಅಪ್ಪ ಅರ್ಜಿ ಕೊಡಲಿಲ್ಲ. ಆ ದೀಪಾವಳಿಗೆ ತಾನೇ ಒಡ್ಡು ಕಿತ್ತು ಕಲ್ಲಿನ ಗುಂಟ ಹಾಕಿದ. ಭೂಪಾಲ ಕಾಕಾ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ, ಮೊದಲ ಬೆಳೆ ಬಂದಾಗ ಒಂದು ಬುಟ್ಟಿ ದ್ರಾಕ್ಷಿ ಕಳಿಸಿದ. ಮುಂದಿನ ಪಂಚಮಿಗೆ ಅಪ್ಪ ನಾಚಿಕೊಂಡು ಅವಳನ್ನು ಕರೆಯಲು ಹೋಗಲಿಲ್ಲ. ಅದರ ಮುಂದಿನ ವರ್ಷ ಹೋದ. ಗಂಗತ್ತಿ ಬಿಸಿ ರೊಟ್ಟಿ ಮಾಡಿ ಉಣ್ಣಿಸಿದಳಂತೆ, ಊರ ಸುದ್ದಿಯೆಲ್ಲ ಕೇಳಿದಳಂತೆ. ದನ ಬಿಟ್ಟು ಬರಲಾಗುವುದಿಲ್ಲ ಎಂದು ಕಳಿಸಿದಳು. ಅಪ್ಪ ಆಮೇಲೂ ಬಹಳ ವರ್ಷ ಹೋದ. ಪ್ರತಿ ವರ್ಷವೂ ದನವೇ ಅಡ್ಡ ಬಂದವು. ಮದುವೆ, ಮುಂಜಿಗಳಲ್ಲಿ ಸಿಕ್ಕರೆ ನನ್ನ ಗದ್ದ ಹಿಡಿದು ಮಾತಾಡಿಸುತ್ತಾಳೆ, ಮಕ್ಕಳ ಕೈಗೆ ಏನಾದರೂ ಇಡುತ್ತಾಳೆ. ಅವಳಲ್ಲಿ ಮುನಿಸಿಲ್ಲ. ಮುನಿಸಿದ್ದರೆ ಒಂದು ದಿನ ಇಳಿಯುತ್ತಿತ್ತು. ನಮ್ಮ ಮನೆಯನ್ನು ಅವಳು ಅವತ್ತು ಬಿಟ್ಟುಕೊಟ್ಟಳು, ಹೊಲ ಬಿಟ್ಟುಕೊಟ್ಟಷ್ಟೇ ಸದ್ದಿಲ್ಲದೆ.

ಈಗ ನನಗೂ ಮದುವೆಯಾಗಿದೆ, ಕುಡಚಿಯ ಹತ್ತಿರ ಕೊಟ್ಟಿದ್ದಾರೆ. ಶ್ರಾವಣ ಬಂದರೆ ನನ್ನ ತಮ್ಮ ಬೈಕು ಹತ್ತಿ ಕರೆಯಲು ಬರುತ್ತಾನೆ. ಒಂದು ವರ್ಷವೂ ತಪ್ಪಿಸಿಲ್ಲ, ಹುಚ್ಚು ಪ್ರೀತಿಯ ಹುಡುಗ. ಅಂಗಳದಲ್ಲಿ ಗಾಡಿಯ ಸದ್ದಾದರೆ ಎದೆ ಹಿಗ್ಗುತ್ತದೆ, ಓಡಿ ಹೊರಗೆ ಬರುತ್ತೇನೆ. ಬಂದವಳು ಅವನ ಮುಖ ನೋಡುವ ಮೊದಲು ಕೈ ನೋಡುತ್ತೇನೆ, ಸಹಿಗೆಂದು ಯಾವುದಾದರೂ ಕಾಗದ ತಂದಿದ್ದಾನೋ ಎಂದು. ಪಾಪ, ಅವನ ಕೈಯಲ್ಲಿ ಹೆಲ್ಮೆಟ್ಟು ಬಿಟ್ಟು ಬೇರೇನೂ ಇರುವುದಿಲ್ಲ.