ಭಾವನವರು ವಾಸಿ ಮಾಡಿದ ನನ್ನ ರೋಗ

ಗಂಡ ತೀರಿಕೊಂಡಾಗ ನನ್ನ ಪಾಲಿಗೆ ಉಳಿದದ್ದು ಒಂದು ಕೈಮಗ್ಗ ಮತ್ತು ಎಚ್‌ಐವಿ. ಮಗ್ಗದ ಮೇಲೆ ಹಕ್ಕು ಹೇಳಲು ರಬಕವಿಯ ನೆಂಟರೆಲ್ಲ ಬಂದರು. ಇನ್ನೊಂದರ ಹತ್ತಿರ ಯಾರೂ ಸುಳಿಯಲಿಲ್ಲ. ಜಮಖಂಡಿಯ ದವಾಖಾನೆಯಲ್ಲಿ ಕೊಡುವ ಗುಳಿಗೆ ನುಂಗುತ್ತ, ಇಷ್ಟು ವರ್ಷವೂ ನೆಟ್ಟಗೆ ಕೂತು ನೇಯುತ್ತಿದ್ದೇನೆ.

ಹೋದ ವರ್ಷ, ನನ್ನ ರಕ್ತದಲ್ಲಿ ವೈರಸ್ ಕಾಣಿಸಲಿಲ್ಲ ಎಂದು ವರದಿ ಬಂತು. ಗಂಡನ ಅಣ್ಣ ಅದನ್ನು ಇಸಿದುಕೊಂಡು ಓದಿದರು. ಪವರ್‌ಲೂಮ್ ಇಟ್ಟುಕೊಂಡು ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ.

“ಬ್ಯಾನಿ ಹೋತು ನೋಡವಾ. ಇನ್ನ ಜಮಖಂಡಿ ಬಸ್ ಹತ್ತಬ್ಯಾಡ. ಮಂದಿ ನೋಡ್ತಾರ.”

ಕೊನೆಯ ಮಾತಷ್ಟೇ ನಿಜ. ಅವರ ಮಗಳಿಗೆ ಮುಧೋಳದಿಂದ ಸಂಬಂಧ ಬಂದಿತ್ತು. ಬೀಳಗಿಯ ಯಾವನಿಂದಲೋ ಒಂದು ಡಬ್ಬಿ ಪುಡಿಯನ್ನೂ ತಂದರು. ಅದು ಮೈಯ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದಂತೆ, ಆಮೇಲೆ ಗುಳಿಗೆಯೇ ಬೇಡವಂತೆ. ಕೂಸು ಹುಟ್ಟುವ ಮೊದಲೇ ಕುಲಾವಿ!

ಜಮಖಂಡಿಗೆ ಹೋಗಿ ಡಾಕ್ಟರಮ್ಮನನ್ನು ಕೇಳಿದೆ. “ಗುಳಿಗಿ ಬಿಟ್ರ ಕೆಲವ ವಾರದಾಗ ತಿರುಗಿ ಬರತೈತ್ರಿ,” ಎಂದರು. ಮೈ ಕಾಯುವ ಜೀವಕೋಶಗಳಲ್ಲಿ ಕೆಲವು, ಹಳೆಯ ರೋಗಗಳ ನೆನಪಿಟ್ಟುಕೊಂಡು ವರ್ಷಗಟ್ಟಲೆ ಮಲಗಿರುತ್ತವಂತೆ. ವೈರಸ್ ಅವುಗಳ ಒಳಗೇ ಸೇರಿ ತಾನೂ ಮಲಗುತ್ತದೆ. ಗುಳಿಗೆ ತಡೆಯುವುದು ಎದ್ದು ಮರಿ ಹಾಕುವುದನ್ನು ಮಾತ್ರ. ಮಲಗಿದ್ದು ಗುಳಿಗೆಗೂ ಸಿಗುವುದಿಲ್ಲ, ಉಳಿದ ಕಾವಲಿನವರ ಕಣ್ಣಿಗೂ ಬೀಳುವುದಿಲ್ಲ. ಆ ಕೋಶ ಒಂದು ಹೋಗಿ ಎರಡಾದರೆ ಒಳಗಿನ ಕಳ್ಳನೂ ಇಬ್ಬರಾಗುತ್ತಾನೆ. ಕಾಯಬೇಕಾದವರೇ ಅವನಿಗೆ ಮನೆ ಕೊಟ್ಟಿದ್ದಾರೆ.

ಇದು ಮಗ್ಗದವರಿಗೆ ತಿಳಿಯದ ಮಾತೇ? ಸೀರೆ ನೇಯ್ದು ಮುಗಿದರೂ ಹಳೆಯ ಹಾಸಿನ ಉದ್ದೆಳೆಗಳನ್ನು ನಾವು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಗೇಣುದ್ದ ಎಳೆಗಳನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೇ ಗಂಟು ಹಾಕುತ್ತೇವೆ. ಸೀರೆ ಅಂಗಡಿಗೆ ಹೋಯಿತೆಂದು ಮಗ್ಗ ಬರಿದಾಯಿತು ಎನ್ನುವವನನ್ನು ಕಂಡು ನಮ್ಮ ಓಣಿಯ ಮಕ್ಕಳೂ ನಗುತ್ತಾರೆ. ಮಗ್ಗದ ಸದ್ದಿನಲ್ಲೇ ಹುಟ್ಟಿದ ಭಾವನವರಿಗೆ ಅಷ್ಟೂ ಹೊಳೆಯಲಿಲ್ಲ. ಬಿಡಿಸಿ ಹೇಳಿದೆ.

“ಲಗ್ನ ಮುಗಿಯೂತನಾರ ಗುಳಿಗಿ ಬಿಡು. ಆರಾಮ ಆಗೀದಿ ಅಂತ ನಾ ಹೇಳಾಕತ್ತೇನಿಲ್ಲ?” ಎಂದರು. ನನ್ನ ಜೀವಕ್ಕಿಂತ ಬೀಗರ ಬಾಯಿ ಅವರಿಗೆ ದೊಡ್ಡದು.

ನಮ್ಮ ಅಡುಗೆಮನೆಯಲ್ಲಿ ನನ್ನ ತಾಟು ಬೇರೆ. ಗುರುತಿಗೆಂದು ಅದರ ಅಂಚಿಗೆ ಮೊಳೆಯಿಂದ ಗೀರಿದವರು ಇದೇ ಭಾವ. ತಾಟಿನಿಂದ ಈ ರೋಗ ಹರಡುವುದಿಲ್ಲವೆಂದು ದವಾಖಾನೆಯವರು ಮನೆಗೆ ಬಂದು ಹೇಳಿದ್ದರೂ ಆ ಗೀರು ಹಾಗೇ ಇದೆ. ಅವತ್ತು ಅದನ್ನೇ ತೊಳೆದು, ರೊಟ್ಟಿ, ಝುಣಕ ಬಡಿಸಿ, ಅವರ ಮುಂದಿಟ್ಟೆ.

“ಬ್ಯಾನಿ ಹೋತು ಅಂದ್ರಲ್ಲರಿ ಭಾವಾರ. ಇದರಾಗ ಉಣ್ರಿ.”

ಅವರ ಕೈ ರೊಟ್ಟಿಯ ತನಕ ಬಂತು. ಗೀರು ಕಂಡಿತೋ ಏನೋ, ಅಲ್ಲೇ ನಿಂತಿತು. ಹೊಟ್ಟೆ ಸರಿಯಿಲ್ಲವೆಂದು ಗೊಣಗುತ್ತ ಎದ್ದು ಹೋದರು.

ಆ ರೊಟ್ಟಿ ನಾನೇ ಉಂಡೆ, ಗುಳಿಗೆ ನುಂಗಿದೆ. ಮುಂದಿನ ಸಲ ಜಮಖಂಡಿ ಬಸ್ಸಿನಲ್ಲಿ, ಮಂದಿಗೆ ಚೆನ್ನಾಗಿ ಕಾಣಲಿ ಎಂದು ಕಿಟಕಿಯ ಪಕ್ಕವೇ ಕೂತೆ.