ಸರಿ ಮಾಡಿದ ಕಲ್ಲು

ತಪ್ಪು ನನ್ನದೇ. ಹೊಸನಗರದ ಹತ್ತಿರ ಒಂದು ಗುಡ್ಡದ ಮೇಲೆ ನಿಲಸುಕಲ್ಲುಗಳಿವೆ. ಸಾವಿರಾರು ವರ್ಷಗಳ ಹಿಂದೆ ಯಾರೋ ನೆಟ್ಟ ಆಳೆತ್ತರದ ಕಲ್ಲುಗಳು. ಜನ ಬಂದು ನೋಡಲಿ ಎಂದು ಅಲ್ಲಿ ಬೇಲಿ, ಬೋರ್ಡು ಹಾಕಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಊರಿನ ಗಾರೆ ಕೆಲಸದ ಚೌಡಪ್ಪನಿಗೆ ಫೋನ್ ಮಾಡಿ, "ಸೋಮವಾರ ಬರ್ತೀನಿ, ಅಷ್ಟರಲ್ಲಿ ಕಲ್ಲಿನ ಹತ್ರ ಎಲ್ಲ ಸರಿ ಮಾಡಿಡಿ" ಅಂದಿದ್ದೆ. ನನ್ನ ಮನಸ್ಸಿನಲ್ಲಿದ್ದದ್ದು ಪೊದೆ ಸವರುವುದು.

ಹೋಗಿ ನೋಡಿದರೆ, ಪಡುವಣಕ್ಕೆ ವಾಲಿದ್ದ ದೊಡ್ಡ ಕಲ್ಲು ಕಂಬದ ಹಾಗೆ ನೆಟ್ಟಗೆ ನಿಂತಿತ್ತು. ಬುಡಕ್ಕೆ ಹೊಸ ಕಾಂಕ್ರೀಟು. ಅದನ್ನು ಬೇಕೆಂದೇ ವಾಲಿಸಿ ನೆಟ್ಟಿದ್ದರೇ ಎಂದು ಅಳೆದು ನೋಡಲು ವಿದ್ವಾಂಸರು ಬರುವವರಿದ್ದರು.

"ಎಂಟು ಜನ ಸೇರಿ ಎಬ್ಬಿಸಿದ್ವಿ ಸರ್. ತೂಗುಗುಂಡಿನ ದಾರ ಇಳಿಬಿಟ್ಟೇ ನೆಟ್ಟಗೆ ನಿಲ್ಸಿದೀನಿ" ಎಂದ ಚೌಡಪ್ಪ.

"ಬುಡ ಅಗೆದಾಗ ಏನಾದ್ರೂ ಸಿಕ್ತಾ?"

"ಇದ್ದಿಲು, ಹಳೇ ಮಡಕೆ ಚೂರು. ಇದ್ದಿಲು ಎಸೆದೆ. ಚೂರೆಲ್ಲ ಕಾಂಕ್ರೀಟಿಗೆ ಹಾಕ್ದೆ, ಗಟ್ಟಿ ಆಗ್ಲಿ ಅಂತ."

ಕಲ್ಲು ನೆಟ್ಟವರ ಕಾಲವನ್ನು ಹೇಳಬೇಕಿದ್ದದ್ದು ಅವೇ. ನನ್ನ ಮುಖ ನೋಡಿ ಅವನಿಗೆ ಕಸಿವಿಸಿಯಾಯಿತು. "ಹೆದರ್ಬೇಡಿ ಸರ್, ಇನ್ನು ನೂರು ವರ್ಷ ಅಲ್ಲಾಡಲ್ಲ" ಎಂದು ಸಮಾಧಾನ ಮಾಡಿದ.

ಬೈಯುವುದಾದರೂ ಯಾರನ್ನು? ಸಂಜೆ ಇಬ್ಬರೂ ಸೇರಿ ಬೋರ್ಡು ನೆಟ್ಟೆವು. "ಕಲ್ಲುಗಳನ್ನು ಮುಟ್ಟಬಾರದು" ಎಂದು ನಾನೇ ಬರೆಸಿದ್ದು. ಅದು ಸ್ವಲ್ಪ ವಾಲಿತು. ಚೌಡಪ್ಪ ತೂಗುಗುಂಡು ತರಲು ಎದ್ದ. ಬೇಡ, ಅದೊಂದಾದರೂ ಹಾಗೇ ಇರಲಿ ಎಂದೆ.